ವ್ಯಾನ್ ತಲುಪಿತ್ತು, ಮಗು ತಲುಪಿರಲಿಲ್ಲ: ಮಂಡ್ಯದ ಒಂದು ಶಾಲೆಯ ಪ್ರಕರಣ

2024ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಶಾಲೆಯ ಒಂದನೇ ಕ್ಲಾಸಿನ ಹುಡುಗಿ ಐವತ್ತು ನಿಮಿಷ ಎಲ್ಲಿದ್ದಾಳೆ ಅಂತ ಮನೆಯವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅವಳಿಗೆ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ವ್ಯಾನಿನಲ್ಲಿ ಜಿಪಿಎಸ್ ಇತ್ತು, ಅಪ್ಪ ಅಮ್ಮಂದಿರ ಮೊಬೈಲಿನಲ್ಲಿ ಆ್ಯಪ್ ಇತ್ತು. ಇಷ್ಟಿದ್ದೂ ಹೀಗೆ ಹೇಗಾಯಿತು? ಆಮೇಲೆ ನಾವು ಏನೇನು ಮಾಡಿದೆವು, ಅದರಲ್ಲಿ ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಎಂದು ಬರೆಯುತ್ತಿದ್ದೇನೆ. ನಾನು ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ಘಟನೆ ಆದ ವಾರದಿಂದ ಸಂಜೆ ಮಕ್ಕಳನ್ನು ಬಿಡುವ ಹೊತ್ತಿನ ಜವಾಬ್ದಾರಿ ನನ್ನದಾಗಿದೆ. ಶಾಲೆಯ ಹೆಸರು, ಹಳ್ಳಿಯ ಹೆಸರು, ಮಗುವಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬೇರೆ ಶಾಲೆಯವರಿಗೆ ಅದು ಬೇಕಾಗಿಯೂ ಇಲ್ಲ.

ನಮ್ಮದು ಮಂಡ್ಯ ಪಟ್ಟಣದ ಅಂಚಿನಲ್ಲಿರುವ ಖಾಸಗಿ ಶಾಲೆ. ಎಲ್‌ಕೆಜಿಯಿಂದ ಏಳನೇ ಕ್ಲಾಸಿನವರೆಗೆ ನಾನೂರು ಚಿಲ್ಲರೆ ಮಕ್ಕಳು. ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಶಾಲೆಯ ಐದು ವ್ಯಾನುಗಳಲ್ಲಿ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಾರೆ. ಒಂದು ಪಾಲು ಮನೆಯವರೇ ಗೊತ್ತು ಮಾಡಿದ ಆಟೋಗಳಲ್ಲಿ. ಉಳಿದವರನ್ನು ಅಪ್ಪ, ಅಮ್ಮ, ತಾತ, ಅಜ್ಜಿ ಬಂದು ಕರೆದುಕೊಂಡು ಹೋಗುತ್ತಾರೆ. ಮೂರೂವರೆಗೆ ಲಾಂಗ್ ಬೆಲ್ ಹೊಡೆದರೆ ಹತ್ತು ನಿಮಿಷದಲ್ಲಿ ಆ ನಾನೂರು ಮಕ್ಕಳೂ ಒಂದೇ ಗೇಟಿನಿಂದ ಹೊರಗೆ. ಹೊರಗೆ ಬೈಕು, ಆಟೋ, ಹಾರ್ನ್, ಕಡ್ಲೆಕಾಯಿ ಗಾಡಿ. ಆ ಹತ್ತು ನಿಮಿಷ ನೋಡಿದವರಿಗೆ ಗೊತ್ತು, ಅಲ್ವಾ?

ಆ ದಿನ

ಆ ಮಗುವಿನ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರು. ಸಂಜೆ ಸ್ಟಾಪಿಗೆ ಬಂದು ಕರೆದುಕೊಂಡು ಹೋಗುವುದು ತಾತ. ಅವತ್ತು ತಾತನಿಗೆ ಹುಷಾರಿರಲಿಲ್ಲ. ಅಜ್ಜಿ ಅವರನ್ನು ಮೈಸೂರಿಗೆ ತೋರಿಸಲು ಕರೆದುಕೊಂಡು ಹೋಗಿದ್ದರು. ಮನೆಗೆ ಬೀಗ.

ಮಧ್ಯಾಹ್ನ 2:40ಕ್ಕೆ ಅಮ್ಮ ಕ್ಲಾಸ್ ಟೀಚರಿಗೆ ವಾಟ್ಸಾಪ್ ಮಾಡಿದರು. ಇವತ್ತು ವ್ಯಾನಿಗೆ ಹತ್ತಿಸಬೇಡಿ ಮಿಸ್, ಅವಳ ಮಾವ ಬರ್ತಾರೆ ಎಂದು. ಕ್ಲಾಸ್ ಟೀಚರ್ ಅವತ್ತು ರಜೆ. ಅವರು ಮೆಸೇಜ್ ನೋಡಿದ್ದು ಸಂಜೆ ಐದರ ಮೇಲೆ. ಅಮ್ಮ ಮೊಬೈಲನ್ನು ಲಾಕರಿನಲ್ಲಿಟ್ಟು ಡ್ಯೂಟಿಗೆ ಹೋದರು. ಹೇಳಿದ್ದೇನಲ್ಲ ಎಂಬ ನೆಮ್ಮದಿ ಅವರಿಗೆ.

ಬೆಲ್ ಹೊಡೆಯಿತು. ಮಗು ದಿನದಂತೆ ಮೂರನೇ ನಂಬರ್ ವ್ಯಾನ್ ಹತ್ತಿತು. 3:38ಕ್ಕೆ ವ್ಯಾನ್ ಹೊರಟಿತು. ಮಾವ 3:42ಕ್ಕೆ ಗೇಟಿಗೆ ಬಂದರು. ಒಳಗಿರಬೇಕು ನೋಡಿ ಎಂದರು ವಾಚ್‌ಮನ್. ಮಾವ ಕ್ಲಾಸಿಗೆ ಹೋದರು, ಆಟದ ಮೈದಾನಕ್ಕೆ ಹೋದರು, ಶೌಚಾಲಯದ ಹತ್ತಿರ ನಿಂತು ಹೆಸರು ಹಿಡಿದು ಕೂಗಿದರು.

3:58ಕ್ಕೆ ವ್ಯಾನ್ ಹಳ್ಳಿ ಗೇಟು ತಲುಪಿತು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಡ್ರೈವರಿಗೆ ಎರಡನೇ ಟ್ರಿಪ್ ಇತ್ತು. "ತಾತ ಬತ್ತರೆ ಅಂಕಲ್" ಅಂತ ಮಗುವೇ ಹೇಳಿತು. ಮನೆ ಕಣ್ಣಿಗೆ ಕಾಣುವಷ್ಟೇ ದೂರ. ಇಳಿಸಿ ಹೊರಟರು. ಅದೇ ನಿಮಿಷ ಅಮ್ಮನ ಮೊಬೈಲಿಗೆ ಆ್ಯಪಿನಿಂದ ಸಂದೇಶ ಬಂತು: ನಿಮ್ಮ ವಾಹನ ಸ್ಟಾಪ್ ತಲುಪಿದೆ. ಮೊಬೈಲ್ ಲಾಕರಿನಲ್ಲಿತ್ತು.

ಮಗು ಒಬ್ಬಳೇ ಮನೆಗೆ ನಡೆಯಿತು. ಬೀಗ ನೋಡಿತು. ಸ್ವಲ್ಪ ಹೊತ್ತು ಜಗುಲಿ ಮೇಲೆ ಕೂತಿತು. ಆಮೇಲೆ ತಾತ ಸ್ಟಾಪಿನಲ್ಲಿರಬಹುದು ಎಂದುಕೊಂಡು ವಾಪಸ್ ಹೊರಟಿತು. ಆ ದಾರಿ ನಾಲೆ ಏರಿ ಮೇಲೆ. ಆ ವರ್ಷ ಕನ್ನಂಬಾಡಿ ಕಟ್ಟೆ ತುಂಬಿತ್ತು, ನಾಲೆಯಲ್ಲಿ ನೀರು ಬಿಟ್ಟಿದ್ದರು. ಆರು ವರ್ಷದ ಮಗು, ಬೆನ್ನಿನ ಮೇಲೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ. ಈ ಸಾಲು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ.

ಇತ್ತ ಆಫೀಸಿನವರು ಡ್ರೈವರಿಗೆ ಮೇಲಿಂದ ಮೇಲೆ ಫೋನ್ ಮಾಡಿದರು. ಗಾಡಿ ಓಡಿಸುವಾಗ ಅವರು ಫೋನ್ ಎತ್ತುವುದಿಲ್ಲ. ಎತ್ತಲೂ ಬಾರದು, ಅದು ನಾವೇ ಹಾಕಿದ ನಿಯಮ. 4:20ಕ್ಕೆ ಎತ್ತಿದರು. ಸ್ಟಾಪಲ್ಲಿ ಇಳಿಸಿದೆ ಎಂದರು. ಮಾವ ಬೈಕ್ ಹತ್ತಿ ಹೋದರು. 4:48ಕ್ಕೆ ಸ್ಟಾಪಿನ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಮಗು ಸಿಕ್ಕಿತು. ಅಂಗಡಿಯ ಅಜ್ಜಿ ಮಗುವಿಗೆ ಬನ್ ಕೊಟ್ಟು ಕೂರಿಸಿಕೊಂಡಿದ್ದರು. "ಅಳ್ತಾ ಬಂತು ಕಣಪ್ಪ ಕೂಸು. ಯಾರ ಮನೇದು ಅಂತ ಗೊತ್ತಿತ್ತು, ಫೋನ್ ನಂಬರ್ ಎಲ್ಲಿಂದ ತರಾನ?" ಎಂದರಂತೆ.

ಯಾರಿಗೆ ಏನು ಗೊತ್ತಿತ್ತು

ಮರುದಿನ ಒಂದು ದೊಡ್ಡ ಹಾಳೆಯಲ್ಲಿ ನಿಮಿಷ ನಿಮಿಷವನ್ನೂ ಬರೆದು ಗೋಡೆಗೆ ಅಂಟಿಸಿದೆ. ನೋಡುತ್ತಾ ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಜಿಪಿಎಸ್ ಸರಿಯಾಗಿತ್ತು. ಆ್ಯಪ್ ಸರಿಯಾದ ನಿಮಿಷಕ್ಕೆ ಸಂದೇಶ ಕಳಿಸಿತ್ತು. ವಾಟ್ಸಾಪ್ ಕೂಡ ತಲುಪಿತ್ತು. ವ್ಯಾನ್ ಎಲ್ಲಿದೆ ಎಂದು ನಮಗೆ ಮೀಟರ್ ಲೆಕ್ಕದಲ್ಲಿ ಗೊತ್ತಿತ್ತು. ಮಗು ಯಾರ ಕೈಯಲ್ಲಿದೆ ಎಂದು ಕೇಳುವ ಸಾಧನ ಮಾತ್ರ ನಮ್ಮ ಬಳಿ ಒಂದೂ ಇರಲಿಲ್ಲ.

ಸಂಜೆ ಒಂದು ಮಗು ಎಷ್ಟು ಕೈ ಬದಲಾಗುತ್ತದೆ ನೋಡಿ. ಮಿಸ್ ಕೈಯಿಂದ ಗೇಟಿನವರಿಗೆ. ಅಲ್ಲಿಂದ ವ್ಯಾನಿನವರಿಗೆ. ವ್ಯಾನಿನಿಂದ ಮನೆಯವರಿಗೆ. ಆ ದಿನ ತಪ್ಪಾದದ್ದೆಲ್ಲ ಈ ಕೈ ಬದಲಾಗುವ ಜಾಗಗಳಲ್ಲಿ. ರಸ್ತೆಯ ಮೇಲೆ ಏನೂ ತಪ್ಪಾಗಿರಲಿಲ್ಲ. ಆದರೆ ನಮ್ಮ ದುಡ್ಡು, ಗಮನ ಎರಡೂ ರಸ್ತೆಯ ಮೇಲೇ ಇದ್ದವು.

ಅದಕ್ಕೆ ಕಾರಣವೂ ಇದೆ. ಮಂಡ್ಯದವರಿಗೆ ನಾಲೆ ಮತ್ತು ಮಕ್ಕಳು ಎಂಬ ಎರಡು ಮಾತು ಒಟ್ಟಿಗೆ ಬಂದರೆ ನೆನಪಾಗುವುದು 2018ರ ನವೆಂಬರ್ 24. ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಹೋದರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಶ್ ತೀರಿಕೊಂಡ ಸುದ್ದಿಯೂ ಬಂತು. ಜಿಲ್ಲೆ ಆ ದಿನವನ್ನು ಮರೆತಿಲ್ಲ. ನಮ್ಮ ಶಾಲೆ ವ್ಯಾನುಗಳಿಗೆ ಜಿಪಿಎಸ್ ಹಾಕಿಸಿದ್ದು ಅದಾದ ಮುಂದಿನ ವರ್ಷ. ಭಯದಿಂದ ಹಾಕಿಸಿದ್ದು, ಅದರಲ್ಲಿ ತಪ್ಪಿಲ್ಲ. ವೇಗ ಗೊತ್ತಾಗುತ್ತದೆ, ದಾರಿ ಬಿಟ್ಟರೆ ಗೊತ್ತಾಗುತ್ತದೆ. ಆದರೆ ಅದನ್ನು ಹಾಕಿಸಿದ ಮೇಲೆ ಇನ್ನು ಎಲ್ಲಾ ಸರಿ ಎಂದು ಸುಮ್ನೆ ಕೂತದ್ದು ನಮ್ಮ ತಪ್ಪು.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಆ ಐವತ್ತು ನಿಮಿಷದಲ್ಲಿ ಯಾರೂ 112ಕ್ಕೆ ಫೋನ್ ಮಾಡಲಿಲ್ಲ. 1098 ಮಕ್ಕಳ ಸಹಾಯವಾಣಿಗೂ ಮಾಡಲಿಲ್ಲ. ಮಾಡೋಣ ಅಂತ ಒಬ್ಬರು ಹೇಳಿದರು. ಶಾಲೆ ಹೆಸರು ಏನಾಗುತ್ತದೋ ಎಂದು ಮಿಕ್ಕವರು ಸುಮ್ಮನಾದೆವು. ಆ ಮಿಕ್ಕವರಲ್ಲಿ ನಾನೂ ಇದ್ದೆ.

ಡ್ರೈವರನ್ನು ತೆಗೆಯುವ ಮಾತು

ಮ್ಯಾನೇಜ್‌ಮೆಂಟ್ ಸಭೆಯಲ್ಲಿ ಮೊದಲು ಬಂದ ಮಾತು ಡ್ರೈವರನ್ನು ಕೆಲಸದಿಂದ ತೆಗೆಯೋಣ ಎಂದು. ನಾನು ಒಪ್ಪಲಿಲ್ಲ. ಆ ವ್ಯಾನಿನಲ್ಲಿ ಆಯಮ್ಮ ಇರಲಿಲ್ಲ. ಖರ್ಚು ಜಾಸ್ತಿ ಎಂದು ಎರಡು ವ್ಯಾನಿಗೆ ಮಾತ್ರ ಆಯಮ್ಮಂದಿರನ್ನು ಇಟ್ಟಿದ್ದೆವು. ಒಬ್ಬನೇ ಮನುಷ್ಯ ಗಾಡಿ ಓಡಿಸಬೇಕು, ಬಾಗಿಲು ತೆಗೆಯಬೇಕು, ಮಗುವನ್ನು ಇಳಿಸಬೇಕು, ಮನೆಯವರು ಬಂದಿದ್ದಾರಾ ನೋಡಬೇಕು, ಎರಡನೇ ಟ್ರಿಪ್ಪಿಗೆ ಹೊತ್ತಿಗೆ ಸರಿಯಾಗಿ ಶಾಲೆಗೆ ಬರಬೇಕು. ಯಾರೂ ಇಲ್ಲದಿದ್ದರೆ ಏನು ಮಾಡಬೇಕೆಂದು ನಾವು ಅವರಿಗೆ ಒಂದು ದಿನವೂ ಹೇಳಿರಲಿಲ್ಲ.

ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1997ರಲ್ಲಿ. ವೇಗ ಮಿತಿಯ ಸಾಧನ, ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲವೂ ಆಗಲೇ ಬಂದದ್ದು. ದೆಹಲಿಯಲ್ಲಿ ಶಾಲಾ ಬಸ್ಸೊಂದು ಯಮುನಾ ನದಿಗೆ ಬಿದ್ದು ಮಕ್ಕಳು ಸತ್ತ ಮೇಲೆ. ಅದು ಬಸ್ಸಿಗೆ ಹೇಳಿದ್ದು, ನಮ್ಮದು ವ್ಯಾನು ಎಂದು ಸಭೆಯಲ್ಲಿ ಒಬ್ಬರು ವಾದ ಮಾಡಿದರು. ಹೆಡ್ ಮಿಸ್ ಒಂದೇ ಮಾತು ಕೇಳಿದರು: ಮಗುವಿಗೆ ಆ ವ್ಯತ್ಯಾಸ ಗೊತ್ತಾ? ಅಲ್ಲಿಗೆ ವಾದ ನಿಂತಿತು. ಡ್ರೈವರ್ ಉಳಿದರು. ಐದೂ ವ್ಯಾನಿಗೆ ಆಯಮ್ಮ ಬಂದರು. ನಾವು ಮಾಡಿದ ಎಲ್ಲಾ ಕೆಲಸದಲ್ಲಿ ಅತಿ ಹೆಚ್ಚು ಖರ್ಚಾದದ್ದು ಇದಕ್ಕೇ. ಮಿಕ್ಕ ತಂತ್ರಜ್ಞಾನವೆಲ್ಲ ಸೇರಿದರೂ ಆಯಮ್ಮಂದಿರ ಒಂದು ವರ್ಷದ ಸಂಬಳದಷ್ಟು ಆಗಲಿಲ್ಲ. ವ್ಯಾನ್ ಫೀಜು ಸ್ವಲ್ಪ ಏರಿಸಿದೆವು. ಯಾಕೆಂದು ಬಿಡಿಸಿ ಹೇಳಿದ ಮೇಲೆ ಅಪ್ಪ ಅಮ್ಮಂದಿರು ಜಗಳಕ್ಕೆ ಬರಲಿಲ್ಲ.

ಮಾಡಿದ್ದು, ಮುರಿದದ್ದು, ಮತ್ತೆ ಮಾಡಿದ್ದು

ಮೊದಲು ಬದಲಾಯಿಸಿದ್ದು ಸುದ್ದಿ ಬರುವ ದಾರಿ. ಇವತ್ತು ಬೇರೆಯವರು ಕರೆದುಕೊಂಡು ಹೋಗುತ್ತಾರೆ ಎಂಬ ಮಾತು ಕ್ಲಾಸ್ ಟೀಚರ್ ವಾಟ್ಸಾಪಿಗೆ, ವ್ಯಾನ್ ಅಣ್ಣನಿಗೆ, ಮಗುವಿನ ಡೈರಿಗೆ, ಹೀಗೆ ಮೂರು ಕಡೆ ಬರುತ್ತಿತ್ತು. ಈಗ ಒಂದೇ ನಂಬರ್. ಆ ಮೊಬೈಲ್ ಆಫೀಸಿನ ಮೇಜಿಗೆ ಸರಪಳಿ ಹಾಕಿ ಕಟ್ಟಿದೆ, ಯಾರ ರಜೆಗೂ ಅದು ರಜೆ ಹೋಗುವುದಿಲ್ಲ. ಮಧ್ಯಾಹ್ನ ಎರಡು ಗಂಟೆಯೊಳಗೆ ಹೇಳಬೇಕು. ಹೇಳಿದ್ದನ್ನು ಆಫೀಸಿನವರು ಒಂದು ಗೂಗಲ್ ಶೀಟಿನಲ್ಲಿ ಬರೆಯುತ್ತಾರೆ. ಮೂರು ಗಂಟೆಗೆ ಅದರ ಪ್ರಿಂಟು ಗೇಟಿಗೆ, ಐದು ವ್ಯಾನಿಗೆ, ಆಯಾ ಕ್ಲಾಸಿಗೆ. ಕರೆಂಟು ಹೋದರೂ ಕಾಗದ ಇರುತ್ತದೆ. ಮುಖ್ಯವಾದದ್ದು ಇನ್ನೊಂದಿದೆ. ಸುದ್ದಿ ನಮಗೆ ತಲುಪಿದೆ ಎಂದು ಆಫೀಸಿನಿಂದ ವಾಪಸ್ ಮೆಸೇಜ್ ಹೋಗಬೇಕು. ಅದು ಬರದಿದ್ದರೆ ಸುದ್ದಿ ನಮಗೆ ತಲುಪಿಲ್ಲ ಎಂದೇ ತಿಳಿದುಕೊಳ್ಳಿ ಎಂದು ಮನೆಯವರಿಗೆ ಹೇಳಿದ್ದೇವೆ. ಆ ಅಮ್ಮನ ಮೆಸೇಜಿಗೆ ಉತ್ತರ ಬಂದಿರಲಿಲ್ಲ, ನೆನಪಿದೆಯಾ?

ಎರಡನೆಯದು ಗೇಟು. ಪ್ರತಿ ಮಗುವಿನ ಹೆಸರಿನಲ್ಲಿ ಮೂವರಿಗೆ ಫೋಟೋ ಇರುವ ಕಾರ್ಡ್ ಕೊಟ್ಟೆವು. ಕಾರ್ಡಿನ ಹಿಂದೆ ಕ್ಯೂಆರ್ ಕೋಡ್. ಗೇಟಿನಲ್ಲಿ ಸ್ಕ್ಯಾನ್ ಮಾಡಿದರೆ ಮಗುವಿನ ಫೋಟೋ, ಬಂದವರ ಫೋಟೋ ಎರಡೂ ಕಾಣುತ್ತವೆ. ಕಾರ್ಡ್ ಇಲ್ಲದವರು ಬಂದರೆ ಅಪ್ಪ ಅಥವಾ ಅಮ್ಮನ ಮೊಬೈಲಿಗೆ ಓಟಿಪಿ ಹೋಗುತ್ತದೆ. ಮೊದಲ ತಿಂಗಳಲ್ಲೇ ಓಟಿಪಿ ಕೈಕೊಟ್ಟಿತು. ಕೆಲವೊಮ್ಮೆ ಅದು ಹತ್ತು ನಿಮಿಷ ಬರುವುದಿಲ್ಲ, ಗೇಟಿನ ಹತ್ತಿರ ಜನ ರೇಗುತ್ತಾರೆ. ಆಮೇಲೆ ಒಬ್ಬ ಅಜ್ಜಿಯೇ ದಾರಿ ತೋರಿಸಿದರು: ಮನೆಯವರಿಗೂ ಮಗುವಿಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಬಂದವರು ಅದನ್ನು ಹೇಳಬೇಕು, ಮಗು ಹೌದು ಎನ್ನಬೇಕು. ಓಟಿಪಿ ಬರದಿದ್ದಾಗ ಅದನ್ನು ಕೇಳುತ್ತೇವೆ, ಜೊತೆಗೆ ಮನೆಗೆ ಒಂದು ಫೋನ್ ಮಾಡುತ್ತೇವೆ. ಮಕ್ಕಳು ಆ ಮಾತನ್ನು ಎಷ್ಟು ಜೋಪಾನವಾಗಿ ಕಾಯುತ್ತಾರೆ ನೋಡಬೇಕು. ನನಗೂ ಹೇಳುವುದಿಲ್ಲ.

ಬೆಲ್ ಹೊಡೆಯುವ ಹೊತ್ತನ್ನೂ ಮೂರಾಗಿ ಒಡೆದೆವು. ಎಲ್‌ಕೆಜಿ, ಯುಕೆಜಿ 3:10ಕ್ಕೆ, ನಾಲ್ಕನೇ ಕ್ಲಾಸಿನವರೆಗೆ 3:25ಕ್ಕೆ, ದೊಡ್ಡವರು 3:40ಕ್ಕೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಗೇಟಿನ ನೂಕುನುಗ್ಗಲು ಅರ್ಧ ಇಳಿಯಿತು.

ವ್ಯಾನಿನ ಕಥೆ ಇಷ್ಟು ಸುಲಭವಾಗಿರಲಿಲ್ಲ. ಹತ್ತುವಾಗ ಇಳಿಯುವಾಗ ಮಕ್ಕಳು ಐಡಿ ಕಾರ್ಡನ್ನು ಯಂತ್ರಕ್ಕೆ ತೋರಿಸುವ ಆರ್‌ಎಫ್‌ಐಡಿ ಹಾಕಿಸಿದೆವು. ಕಾರ್ಡ್ ಹತ್ತಿರ ಹಿಡಿದರೆ ಟೀಕ್ ಎನ್ನುತ್ತದೆ, ಮನೆಗೆ ಸಂದೇಶ ಹೋಗುತ್ತದೆ. ಎರಡೇ ವಾರದಲ್ಲಿ ಮಕ್ಕಳು ಅದನ್ನು ಆಟ ಮಾಡಿಕೊಂಡರು. ಅಣ್ಣ ತಂಗಿಯ ಕಾರ್ಡನ್ನೂ ತೋರಿಸುತ್ತಾನೆ. ಸ್ನೇಹಿತರು ಕಾರ್ಡ್ ಬದಲಾಯಿಸಿಕೊಳ್ಳುತ್ತಾರೆ. ಒಬ್ಬಳ ಕಾರ್ಡ್ ವ್ಯಾನ್ ಹತ್ತಿತು, ಅವಳು ಜ್ವರ ಬಂದು ಮಧ್ಯಾಹ್ನವೇ ಮನೆಗೆ ಹೋಗಿದ್ದಳು. ಕಾರ್ಡ್ ಹತ್ತಿದೆ ಎಂಬುದಕ್ಕೂ ಮಗು ಹತ್ತಿದೆ ಎಂಬುದಕ್ಕೂ ಬಹಳ ಅಂತರ ಇದೆ. ಹಾಗಾಗಿ ಈಗ ಯಂತ್ರವನ್ನು ಮಕ್ಕಳ ಕೈಗೆ ಬಿಟ್ಟಿಲ್ಲ. ಆಯಮ್ಮ ಮುಖ ನೋಡಿ, ಹೆಸರು ಕರೆದು, ತಾವೇ ಕಾರ್ಡ್ ತೋರಿಸುತ್ತಾರೆ. ಕೊನೆಗೆ ತಲೆ ಎಣಿಸುತ್ತಾರೆ. ಯಂತ್ರದ ಲೆಕ್ಕ ಮತ್ತು ತಲೆ ಲೆಕ್ಕ ಒಂದೇ ಆಗದಿದ್ದರೆ ವ್ಯಾನ್ ಹೊರಡುವುದಿಲ್ಲ.

ಸ್ಟಾಪಿನಲ್ಲಿ ಯಾರೂ ಇಲ್ಲದಿದ್ದರೆ ಮಗುವನ್ನು ಇಳಿಸುವಂತಿಲ್ಲ. ಮಗು ಏನೇ ಹೇಳಲಿ, ಮನೆ ಎದುರಿಗೇ ಇರಲಿ. ಆಯಮ್ಮ ಮನೆಗೆ ಫೋನ್ ಮಾಡುತ್ತಾರೆ, ಯಾರೂ ಸಿಗದಿದ್ದರೆ ಮಗು ಅದೇ ವ್ಯಾನಿನಲ್ಲಿ ಶಾಲೆಗೆ ವಾಪಸ್. ಇದಕ್ಕೆ ವಿರೋಧ ಬಂತು. ನಮ್ಮೂರಲ್ಲಿ ಎಲ್ಲರೂ ನಮ್ಮೋರೇ, ಬಿಟ್ಟು ಹೋದರೆ ಏನಾಗುತ್ತೆ ಮಿಸ್ ಎಂದು ಕೇಳಿದರು. ಅವರ ಮಾತಿನಲ್ಲಿ ನಿಜ ಇದೆ, ಆ ಮಗುವನ್ನು ಕಾಪಾಡಿದ್ದೂ ಊರಿನ ಒಬ್ಬ ಅಜ್ಜಿಯೇ. ಆದರೆ ಆ ಅಜ್ಜಿ ಅವತ್ತು ಅಂಗಡಿ ತೆರೆದಿದ್ದರು ಎಂಬುದು ನಮ್ಮ ಪುಣ್ಯ. ಪುಣ್ಯದ ಮೇಲೆ ವ್ಯಾನ್ ಓಡಿಸಲು ಆಗುವುದಿಲ್ಲ. ಆ ಅಂಗಡಿಯಂಥ ಜಾಗಗಳಲ್ಲಿ ಈಗ ಶಾಲೆಯ ನಂಬರ್ ಬರೆದ ಸ್ಟಿಕ್ಕರ್ ಇದೆ.

ಕೊನೆಯ ಸೀಟಿನ ಹಿಂದೆ ಒಂದು ಕ್ಯೂಆರ್ ಸ್ಟಿಕ್ಕರ್ ಅಂಟಿಸಿದ್ದೇವೆ. ಟ್ರಿಪ್ ಮುಗಿದ ಮೇಲೆ ಡ್ರೈವರ್ ಅಲ್ಲಿಯವರೆಗೆ ನಡೆದು ಹೋಗಿ ಸ್ಕ್ಯಾನ್ ಮಾಡಬೇಕು. ಮಾಡದಿದ್ದರೆ ಹತ್ತು ನಿಮಿಷಕ್ಕೆ ನನ್ನ ಫೋನ್ ಕೂಗುತ್ತದೆ. ನಿದ್ದೆ ಹೋದ ಮಗು ಸೀಟಿನ ಕೆಳಗೆ ಜಾರಿದ್ದರೆ ಮುಂದಿನಿಂದ ಕಾಣುವುದಿಲ್ಲ. ಬಾಗಿಲು ಹಾಕಿ ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಒಳಗೆ ಬಿಸಿ ಎಷ್ಟು ಬೇಗ ಏರುತ್ತದೆ ಎಂದು ಬೇಸಿಗೆಯಲ್ಲಿ ಕಾರ್ ಹತ್ತಿದವರಿಗೆಲ್ಲ ಗೊತ್ತು.

ಮ್ಯಾಪಿನ ಚುಕ್ಕಿಯದೇ ಒಂದು ತೊಂದರೆ. ಜಿಪಿಎಸ್ ಯಂತ್ರ ಕನಿಷ್ಠ 4 ಉಪಗ್ರಹಗಳ ಸಂಕೇತ ಹಿಡಿದು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಆದರೆ ಅದನ್ನು ನಮಗೆ ತಿಳಿಸುವುದು ಉಪಗ್ರಹವಲ್ಲ, ಯಂತ್ರದೊಳಗಿನ ಸಿಮ್. ಹಳ್ಳಿ ದಾರಿಯಲ್ಲಿ ಟವರ್ ಸಿಗದ ಕಡೆ ಚುಕ್ಕಿ ನಿಂತುಬಿಡುತ್ತದೆ. ಚುಕ್ಕಿ ನಾಲೆ ಪಕ್ಕ ನಿಂತರೆ ಮಂಡ್ಯದ ತಾಯಂದಿರ ಜೀವ ಹೇಗಾಗಬೇಡ? ಕಬ್ಬು ಅರೆಯುವ ಕಾಲದಲ್ಲಂತೂ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ವ್ಯಾನ್ ಸಿಕ್ಕಿಕೊಂಡು ದಿನಾ ಲೇಟು, ದಿನಾ ಎಚ್ಚರಿಕೆ ಸಂದೇಶ. ಜಾಸ್ತಿ ಎಚ್ಚರಿಕೆ ಬಂದರೆ ಜನ ಓದುವುದನ್ನೇ ಬಿಡುತ್ತಾರೆ. ಆ್ಯಪಿನವರನ್ನು ಹಿಡಿದು ಕೂರಿಸಿ ಎರಡು ಬದಲಾವಣೆ ಮಾಡಿಸಿದೆವು. ಚುಕ್ಕಿಯ ಕೆಳಗೆ "ಕೊನೆಯ ಸುದ್ದಿ 4 ನಿಮಿಷದ ಹಿಂದೆ" ಎಂದು ಬರುತ್ತದೆ. ಎಚ್ಚರಿಕೆ ಬರುವುದು ಹದಿನೈದು ನಿಮಿಷಕ್ಕಿಂತ ತಡವಾದರೆ ಮಾತ್ರ.

ತಾತಂದಿರ ಬಳಿ ಇರುವುದು ಕೀಪ್ಯಾಡ್ ಫೋನ್. ಆ್ಯಪ್ ಅವರಿಗೆ ಇಲ್ಲ, ಮೆಸೇಜ್ ಓದಲು ಕಣ್ಣು ಸಾಲದು. ಸ್ಟಾಪಿನಲ್ಲಿ ನಿಲ್ಲುವವರು ಮಾತ್ರ ಅವರೇ. ಈಗ ವ್ಯಾನ್ ಶಾಲೆ ಬಿಟ್ಟ ಕೂಡಲೇ ಅವರ ಫೋನಿಗೆ ರೆಕಾರ್ಡ್ ಮಾಡಿದ ಕರೆ ಹೋಗುತ್ತದೆ. ದನಿ ನನ್ನದೇ: "ಮೂರನೇ ನಂಬರ್ ವ್ಯಾನ್ ಹೊರಟಿದೆ, ಸ್ಟಾಪಿಗೆ ಬನ್ನಿ."

ಯಾರು ನೋಡುತ್ತಿದ್ದಾರೆ

ಈ ಕೆಲಸದ ನಡುವೆ ಒಂದು ದಿನ ನಮಗೆ ಗೊತ್ತಾದ ವಿಷಯ ನನ್ನ ನಿದ್ದೆ ಕೆಡಿಸಿತು. ವ್ಯಾನ್ ಎಲ್ಲಿದೆ ಎಂದು ತೋರಿಸುವ ಲಿಂಕಿಗೆ ಪಾಸ್‌ವರ್ಡೇ ಇರಲಿಲ್ಲ. ಲಿಂಕ್ ಸಿಕ್ಕವರೆಲ್ಲ ನೋಡಬಹುದಿತ್ತು. ಶಾಲೆ ಬಿಟ್ಟು ಎರಡು ವರ್ಷವಾದ ಮಕ್ಕಳ ಮನೆಯವರ ಮೊಬೈಲಿನಲ್ಲೂ ಅದು ತೆರೆಯುತ್ತಿತ್ತು. ಪೋಷಕರ ಗುಂಪಿನಲ್ಲಿ ಮಕ್ಕಳ ಹೆಸರು, ಸ್ಟಾಪು, ಇಳಿಯುವ ಸಮಯ ಇರುವ ಪಟ್ಟಿಯನ್ನು ನಾವೇ ಹಾಕಿದ್ದೆವು. ಕೆಟ್ಟ ಮನಸ್ಸಿನವನಿಗೆ ಇದಕ್ಕಿಂತ ಇನ್ನೇನು ಬೇಕು? ಪಟ್ಟಿ ತೆಗೆದೆವು. ಲಿಂಕ್ ಮುಚ್ಚಿಸಿ, ಪ್ರತಿ ಮನೆಗೆ ಬೇರೆ ಲಾಗಿನ್ ಕೊಡಿಸಿದೆವು. ಅವರಿಗೆ ಕಾಣುವುದು ತಮ್ಮ ಮಗುವಿನ ವ್ಯಾನ್ ಮಾತ್ರ, ಅದೂ ಟ್ರಿಪ್ ನಡೆಯುವಾಗ ಮಾತ್ರ.

ಮುಖ ಗುರುತಿಸುವ ಕ್ಯಾಮೆರಾ ಹಾಕಿಸಿ ಎಂದು ಒಂದು ಕಂಪನಿಯವರು ಬಂದಿದ್ದರು. ಬೇಡ ಎಂದೆವು. ಕಾರ್ಡ್ ಕಳೆದರೆ ಬೇರೆ ಮಾಡಿಸಬಹುದು, ಮುಖದ ಮಾಹಿತಿ ಕಳುವಾದರೆ ಮಗು ಬೇರೆ ಮುಖ ತರಲಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಪಡೆಯಲು ಅಪ್ಪ ಅಮ್ಮನ ಒಪ್ಪಿಗೆ ಬೇಕು, ಮಕ್ಕಳ ಹಿಂದೆ ಬಿದ್ದು ಜಾಡು ಹಿಡಿಯುವಂತಿಲ್ಲ. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಶಾಲೆಗೆ ಹೋಗಿ ಬರುವ ಪ್ರಯಾಣದಲ್ಲಿ, ಸುರಕ್ಷತೆಗಾಗಿ ಮಗು ಎಲ್ಲಿದೆ ಎಂದು ನೋಡಲು ವಿನಾಯಿತಿ ಕೊಟ್ಟಿವೆ. ಆ ವಿನಾಯಿತಿ ಪ್ರಯಾಣದ ಹೊತ್ತಿಗೆ ಮಾತ್ರ. ನನಗೆ ಅದು ಸರಿ ಎನಿಸುತ್ತದೆ. ಮಗು ಮನೆ ಸೇರಿದ ಮೇಲೆ ಅದು ಎಲ್ಲಿ ಆಡುತ್ತದೆ ಎಂಬುದು ಶಾಲೆಗೆ ಯಾಕೆ?

ಆಟೋಗಳು

ಇಲ್ಲಿ ನಮ್ಮ ಕೆಲಸ ಅರ್ಧಕ್ಕೇ ನಿಂತಿದೆ. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವೆಯ ಪ್ರಯಾಣಿಕ ವಾಹನಗಳಿಗೆ ಜಿಪಿಎಸ್, ತುರ್ತು ಗುಂಡಿ ಬೇಕೆಂಬ ಕೇಂದ್ರದ ನಿಯಮ ಇದೆ. ಮೂರು ಚಕ್ರದ ಗಾಡಿಗೆ ಅದು ಅನ್ವಯಿಸುವುದಿಲ್ಲ. ಆಟೋ ಗೊತ್ತು ಮಾಡುವುದು ಮನೆಯವರು, ಶಾಲೆಗೆ ಅದರ ಮೇಲೆ ಹಿಡಿತ ಇಲ್ಲ. ಆದರೂ ಡ್ರೈವರುಗಳನ್ನೆಲ್ಲ ಕರೆದು ಟೀ ಕೊಟ್ಟು ಮಾತಾಡಿದೆವು. ಅವರಿಗೂ ಫೋಟೋ ಕಾರ್ಡ್ ಕೊಟ್ಟೆವು. ಮಕ್ಕಳನ್ನು ಕರೆದುಕೊಂಡು ಹೋಗುವ ಮುನ್ನ ಗೇಟಿನಲ್ಲಿ ಸ್ಕ್ಯಾನ್ ಮಾಡಿಸಬೇಕು. ಹದಿನೈದು ವರ್ಷದಿಂದ ಮಕ್ಕಳನ್ನು ಬಿಡುವ ಒಬ್ಬರಿಗೆ ಬೇಜಾರಾಯಿತು. "ನಂಗೆ ಕಾರ್ಡ್ ಯಾಕೆ ಮಿಸ್ಸೇ, ಮಕ ನೋಡಿದ್ರೆ ಮನೆ ಯಾವುದು ಅಂತ ಹೇಳ್ತೀನಿ" ಎಂದರು. ನೀವು ಬಾರದ ದಿನ ನಿಮ್ಮ ಆಟೋದಲ್ಲಿ ಬೇರೆಯವರು ಬಂದರೆ ಮಕ್ಕಳು ಹತ್ತಿಬಿಡುತ್ತಾರಲ್ಲ ಅಣ್ಣ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕಾರ್ಡ್ ತೆಗೆದುಕೊಂಡರು. ಈಗ ಬೇರೆ ಡ್ರೈವರುಗಳಿಗೆ ಹೇಳುವುದು ಅವರೇ. ಆದರೆ ಗೇಟಿನಿಂದ ಆಚೆಗೆ ಆಟೋ ಎಲ್ಲಿದೆ, ಮಗುವನ್ನು ಯಾರ ಕೈಗೆ ಕೊಟ್ಟರು ಎಂದು ನಮಗೆ ತಿಳಿಯುವ ದಾರಿ ಇನ್ನೂ ಇಲ್ಲ. ಒಂದು ಆಟೋದಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆ ಎಂಬ ಜಗಳವೂ ಮುಗಿದಿಲ್ಲ.

ಹೊಸ ಏರ್ಪಾಡಿನಲ್ಲಿ ಇದುವರೆಗೆ ಒಂಬತ್ತು ಸಲ ಮಕ್ಕಳು ಸ್ಟಾಪಿನಿಂದ ಶಾಲೆಗೆ ವಾಪಸ್ ಬಂದಿದ್ದಾರೆ. ಪ್ರತಿ ಸಲವೂ ಹೆಡ್ ಮಿಸ್ ಅಥವಾ ನಾನು ಜೊತೆಗೆ ಕೂತಿದ್ದೇವೆ. ಒಮ್ಮೆ ಸಂಜೆ ಆರೂವರೆಯಾಯಿತು. ಎರಡು ಸಲ ಲೆಕ್ಕ ಹೊಂದದೆ ವ್ಯಾನ್ ಹೊರಡಲಿಲ್ಲ. ಹುಡುಕಿದರೆ ಒಬ್ಬ ಲೈಬ್ರರಿಯಲ್ಲಿ ಮಲಗಿದ್ದ, ಇನ್ನೊಬ್ಬಳು ಆಟೋ ಹತ್ತಿದ್ದಳು. ಮಗು ಎಲ್ಲಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯದಿದ್ದರೆ 112ಕ್ಕೆ ಫೋನ್ ಮಾಡಬೇಕು, ಯಾರ ಅಪ್ಪಣೆಗೂ ಕಾಯಬಾರದು ಎಂದು ಆಫೀಸಿನ ಗೋಡೆ ಮೇಲೆ ಬರೆದಿದೆ. ಅದು ಇನ್ನೂ ಬೇಕಾಗಿಲ್ಲ.

ಆ ಹುಡುಗಿ ಈಗಲೂ ಮೂರನೇ ನಂಬರ್ ವ್ಯಾನಿನಲ್ಲೇ ಹೋಗುತ್ತಾಳೆ. ತಾತ ಹುಷಾರಾಗಿದ್ದಾರೆ. ನನ್ನ ಕರೆ ಹೋಗುವ ಹೊತ್ತಿಗೆ ಅವರು ಆಗಲೇ ಸ್ಟಾಪಿನಲ್ಲಿ ಇರುತ್ತಾರಂತೆ. ಆದರೂ ಫೋನ್ ಎತ್ತಿ ಪೂರ್ತಿ ಕೇಳಿಸಿಕೊಂಡು, "ಬಂದಿವ್ನಿ ಕಣವ್ವ" ಎಂದು ರೆಕಾರ್ಡಿಗೆ ಉತ್ತರ ಕೊಡುತ್ತಾರೆ ಎಂದು ಆಯಮ್ಮ ಹೇಳಿದರು.